ಏರಿಯ ಮೇಲೆ ನಾನೂರು ಮೀಟರ್

ಆರನೇ ಓಟ ಮುಗಿಸಿ ಏದುಸಿರು ಬಿಡುತ್ತಾ ಭಾನುಪ್ರಿಯ ತೂಬಿನ ಬಳಿ ಇಟ್ಟಿದ್ದ ನೀರಿನ ಬಾಟಲಿ ತೆಗೆದುಕೊಂಡಳು. ಎರಡು ಗುಟುಕು ಕುಡಿಯುವಷ್ಟರಲ್ಲಿ ಕೋಡಿಯ ಪಕ್ಕದ ಪೊದೆ ಅಲುಗಾಡಿತು. ಯಾರದೋ ಎಮ್ಮೆ ಇರಬೇಕು ಅಂದುಕೊಂಡಳು. ಪೊದೆ ಸೀಳಿಕೊಂಡು ಕೆರೆ ಏರಿಯ ಮೇಲೆ ಹತ್ತಿ ನಿಂತದ್ದು ಒಂಟಿ ಆನೆ. ತೂಬಿನ ಕಟ್ಟೆಯ ಮೇಲೆ ಕೂತಿದ್ದ ಅತ್ತೆ ಸಿದ್ದಮ್ಮನ ಬೆನ್ನಿಗೆ ಇಪ್ಪತ್ತು ಹೆಜ್ಜೆ ದೂರವೂ ಇರಲಿಲ್ಲ.

ಸಿದ್ದಮ್ಮ ತಿರುಗಿ ನೋಡಿದರು. ಕೂಗಲಿಲ್ಲ. ಮಂಡಿ ನೋವಿನವರು, ಯಾರೂ ಆಸರೆ ಕೊಡದೆ ಎದ್ದವರಲ್ಲ. ಸೊಸೆಯ ಕಡೆ ಕೈ ಚಾಚಿದರು.

"ಕೈ ಕೊಡವ್ವ."

ಭಾನುಪ್ರಿಯ ಓಡಿದಳು.

ತೂಬಿನಿಂದ ಅರಳಿಮರದವರೆಗೆ ಸರಿಯಾಗಿ ನಾನೂರು ಮೀಟರ್. ಅವಳೇ ಟೇಪು ಹಿಡಿದು ಅಳೆದಿದ್ದಳು. ಚನ್ನಪಟ್ಟಣದ ಹೈಸ್ಕೂಲೊಂದರಲ್ಲಿ ಗಣಿತದ ಟೀಚರು. ಮುಂದಿನ ತಿಂಗಳು ರಾಮನಗರದಲ್ಲಿ ನಡೆಯುವ ಐದು ಕಿಲೋಮೀಟರ್ ಓಟವನ್ನು ಅರ್ಧ ಗಂಟೆಯೊಳಗೆ ಮುಗಿಸಬೇಕೆಂಬುದು ಅವಳ ಹಟ. ಎಷ್ಟು ಓಡಿದರೂ ಮೂವತ್ತೊಂದೂವರೆ ನಿಮಿಷದಿಂದ ಕೆಳಗಿಳಿಯುತ್ತಿರಲಿಲ್ಲ. ಅದಕ್ಕೇ ದಿನ ಬಿಟ್ಟು ದಿನ ಬೆಳಗ್ಗೆ ಆರಕ್ಕೆ ಏರಿಯ ಮೇಲೆ ಎಂಟು ಸಲ ಜೋರು ಓಟ, ನಡುನಡುವೆ ಒಂದೂವರೆ ನಿಮಿಷ ವಿಶ್ರಾಂತಿ. "ಒಬ್ಳೇ ಆ ಕೆರೆತಾವ ಬ್ಯಾಡ. ನಾನೂ ಬತ್ತೀನಿ, ಸುಮ್ಕೆ ಕುಂತಿರ್ತೀನಿ" ಎಂದು ಅತ್ತೆಯೇ ಒಂದು ಕೈಯಲ್ಲಿ ಬಾಳೇಹಣ್ಣಿನ ಚೀಲ, ಇನ್ನೊಂದರಲ್ಲಿ ಅವಳ ಕೈ ಹಿಡಿದು ನಿಧಾನಕ್ಕೆ ನಡೆದು ಬರುತ್ತಿದ್ದರು.

ಹಿಂದಿನಿಂದ ಬರುತ್ತಿದ್ದ ಸದ್ದು ತನ್ನ ಶೂಗಳದ್ದೋ ಆನೆಯದ್ದೋ ಅವಳಿಗೆ ತಿಳಿಯಲಿಲ್ಲ. ಅರಳಿಕಟ್ಟೆಗೆ ಎದೆ ಬಡಿದಾಗಲೇ ನಿಂತದ್ದು. ಆಗ ಗೊತ್ತಾಯಿತು, ಬಂದಿರುವುದು ತಾನೊಬ್ಬಳೇ.

ತಿರುಗಿ ನೋಡಿದಳು. ಅಷ್ಟು ದೂರಕ್ಕೆ ಸಿದ್ದಮ್ಮ ಕಟ್ಟೆಯ ಮೇಲಿಟ್ಟ ಬಟ್ಟೆಗಂಟಿನಂತೆ ಕಂಡರು. ಆನೆ ಅವರ ಮಗ್ಗುಲಿಗೇ ಬಂದಿತ್ತು. ಕೂಗಿದರೆ ಅದು ಕೆರಳೀತು. ಊರೊಳಗೆ ಓಡಿ ಜನ ಕರೆತರುವಷ್ಟರಲ್ಲಿ ಎಲ್ಲ ಮುಗಿದುಹೋದೀತು. ವಾಪಸ್ ಹೋಗೋಣವೆಂದರೆ ಕಾಲು ಏಳಲಿಲ್ಲ. ಸೊಂಡಿಲು ಮೇಲೆದ್ದು ನಿಧಾನಕ್ಕೆ ಆ ಗಂಟಿನ ಕಡೆ ಬಾಗಿತು. ಭಾನುಪ್ರಿಯ ಕಣ್ಣು ಮುಚ್ಚಿದಳು. ಕಣ್ಣು ತೆರೆದು, ಏನು ಮಾಡುತ್ತೇನೆಂದು ಗೊತ್ತಿಲ್ಲದೆಯೇ ತೂಬಿನ ಕಡೆ ಒಂದು ಹೆಜ್ಜೆ ಇಟ್ಟಳು. ಆಮೇಲೆ ಇನ್ನೊಂದು.

ಎರಡೂಕಾಲು ನಿಮಿಷದಲ್ಲಿ ಮುಗಿಯುತ್ತಿದ್ದ ಏರಿ ಈಗ ಮುಗಿಯಲೇ ಇಲ್ಲ. ಅರ್ಧ ದಾರಿಯಲ್ಲಿದ್ದಾಗ ಆನೆ ತಲೆಯೆತ್ತಿ ಅವಳ ಕಡೆ ನೋಡಿತು. ಅವಳು ನಿಂತಳು. ಅದೂ ನಿಂತಿತ್ತು. ಬಹಳ ಹೊತ್ತಿನ ಮೇಲೆ ಅದು ಕೆರೆಯ ಒಳಬದಿಗೆ ಇಳಿದು, ನೀರಿಗಿಳಿದು, ಆಚೆ ದಡದ ಕಡೆ ಸಾಗಿತು.

ಸಿದ್ದಮ್ಮ ಮುಖದ ಮೇಲೆ ಸೆರಗೆಳೆದುಕೊಂಡು ಕೂತಿದ್ದರು. "ಗಣಪ, ನಿನ್ ದಾರಿ ನಿಂಗೆ... ಗಣಪ, ನಿನ್ ದಾರಿ ನಿಂಗೆ..." ಎಂದು ಪಿಸುಗುಡುತ್ತಿದ್ದರು. ಸೊಸೆ ಕೈ ಮುಟ್ಟಿದ್ದೇ ತಡ, ಕಿಟಾರನೆ ಕಿರುಚಿದರು.

"ಅತ್ತೆ, ನಾನು. ಭಾನು."

"ಓಯ್ತಾ?"

"ಹೋಯ್ತು."

"ಬಾಳೇಹಣ್ಣಿನ ಚೀಲ ಎಳ್ಕೊಂಡು ತಿಂತು ಕಣವ್ವ. ಉಸ್ರು ನನ್ ನೆತ್ತಿ ಮ್ಯಾಲೇ ಬತ್ತಾ ಇತ್ತು."

ಎಬ್ಬಿಸಿದಾಗ ಅವರ ಸೀರೆ ಒದ್ದೆಯಾಗಿತ್ತು. ಭಾನುಪ್ರಿಯ ತನ್ನ ಟವೆಲನ್ನು ಅವರ ಸೊಂಟಕ್ಕೆ ಸುತ್ತಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಊರ ಬಾಗಿಲಲ್ಲೇ ಮುನಿರಾಮಯ್ಯ ಎದುರಾದ. ಏರಿಯ ಕೆಳಗಿನ ತನ್ನ ತೋಟದಿಂದ ಎಲ್ಲ ನೋಡಿದ್ದ. "ಏನ್ ಟೀಚರಮ್ಮ, ವಯಸ್ಸಾದ ಅತ್ತೇನ ಆನೆ ಮುಂದೆ ಬುಟ್ಟು ಓಡ್ಬುಟ್ಟೆ?" ಅಂದ. ಹಿಂದೆ ನಾಲ್ಕಾರು ಜನ ನಿಂತಿದ್ದರು.

ಭಾನುಪ್ರಿಯ ಬಾಯಿ ತೆರೆಯುವ ಮೊದಲೇ ಸಿದ್ದಮ್ಮ ಗದರಿದರು. "ನಾನೇ ಓಡು ಅಂದೆ ಕಣ್ಲಾ ಮುನಿರಾಮ. ಇಬ್ರೂ ಅಲ್ಲೇ ಕುಂತಿದ್ರೆ ಊರಿಗೆ ಯೋಳೋರ್ ಯಾರ್ಲಾ? ನೋಡ್ತಾ ನಿಂತಿದ್ಯಲ್ಲ, ನೀನ್ ಬರ್ಬೋದಾಗಿತ್ತಲ್ಲ!"

ಮುನಿರಾಮಯ್ಯ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಆಮೇಲೆ ಅವಳು ಏರಿಯ ಕಡೆ ಹೋಗಲಿಲ್ಲ. ಶಾಲೆಯ ಮೈದಾನದಲ್ಲಿ, ಮಕ್ಕಳು ಬರುವ ಮೊದಲು ಓಡುತ್ತಿದ್ದಳು. ಪ್ರತಿ ಸಲ ವೇಗ ಹೆಚ್ಚಿಸಿದಾಗಲೂ ಬೆನ್ನಿನ ಹಿಂದೆ ಯಾರೋ ಕೈ ಚಾಚಿ ಕೂತಿದ್ದಾರೆ ಅನಿಸಿ ಚರ್ಮ ಬಿಗಿಯುತ್ತಿತ್ತು. ನಿಂತರೆ ಆ ಕೈ ತಾಗುತ್ತದೆಂದು ಇನ್ನೂ ಜೋರಾಗಿ ಓಡುತ್ತಿದ್ದಳು.

ರಾಮನಗರದ ಓಟವನ್ನು ಇಪ್ಪತ್ತೊಂಬತ್ತು ನಿಮಿಷ ನಲವತ್ತು ಸೆಕೆಂಡಿನಲ್ಲಿ ಮುಗಿಸಿದಳು. ನೋಡಲು ಸಿದ್ದಮ್ಮನೂ ಬಂದಿದ್ದರು. ವಾಪಸ್ ಬರುವ ಬಸ್ಸಿನಲ್ಲಿ ಅವರು ಸೊಸೆಯ ಪದಕವನ್ನು ತಿರುವಿ ತಿರುವಿ ನೋಡುತ್ತಿದ್ದಾಗ, ಒಂದು ತಿಂಗಳು ಗಂಟಲಲ್ಲೇ ಉಳಿದಿದ್ದ ಮಾತು ಭಾನುಪ್ರಿಯಳ ಬಾಯಿಂದ ಹೊರಬಿತ್ತು.

"ಅವತ್ತು ನೀವು ಓಡು ಅನ್ಲಿಲ್ಲ ಅತ್ತೆ. ಕೈ ಕೊಡು ಅಂದ್ರಿ."

"ಊಂ."

"ಮತ್ತೆ ಮುನಿರಾಮಯ್ಯಂಗೆ ಯಾಕೆ ಹಂಗ್ ಹೇಳಿದ್ರಿ?"

ಸಿದ್ದಮ್ಮ ಪದಕವನ್ನು ಅವಳ ಮಡಿಲಲ್ಲಿಟ್ಟು ಕಿಟಕಿಯ ಕಡೆ ತಿರುಗಿದರು.

"ನೀನು ತಿರ್ಗಾ ಬಂದ್ಯಲ್ಲ," ಅಂದರು. "ನಾನಾಗಿದ್ರೆ ಬತ್ತಿರ್ನಿಲ್ಲ ಕಣವ್ವ."