ಆಮೆ ಉಂಡ ದಿನ

ನಲ್ಲಿಗೆ ಕಟ್ಟಿದ ಬಿಳಿ ಅರಿವೆ ಕಂಡರೆ ಈಗಲೂ ನನಗೆ ನಮ್ಮೂರು ಐಗಳಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ನಮ್ಮದು ಜೈನರ ಮನೆ. ಹುಳು ಸಾಯಬಾರದೆಂದು ಅಜ್ಜಿ ನೀರನ್ನೂ ಅರಿವೆಯಲ್ಲಿ ಸೋಸಿಯೇ ಕುಡಿಯುತ್ತಿದ್ದಳು. ಹಳ್ಳದಲ್ಲಿ ಸಿಕ್ಕ ನನ್ನ ಆಮೆ ನಾಲ್ಕು ದಿನದಿಂದ ಸೌತೆಕಾಯಿ, ಮೆಂತ್ಯೆಸೊಪ್ಪು ಯಾವುದನ್ನೂ ಮುಟ್ಟಿರಲಿಲ್ಲ.

“ಎರಿಹುಳಾ ಬೇಕ್ರಿ ಇದಕ, ಇಲ್ಲಂದ್ರ ಸಾಯತೈತಿ,” ಎಂದ ಎಮ್ಮೆ ಕಾಯುವ ಯಲ್ಲಪ್ಪ.

ಅಜ್ಜಿ ಬಹಳ ಹೊತ್ತು ಆಮೆಯನ್ನೇ ನೋಡಿದಳು. “ನಾ ಜಪಕ್ಕ ಕುಂದರ್ತೀನಿ. ಕಣ್ಣ ಮುಚ್ಚಿರ್ತೀನಿ,” ಎಂದು ಗೋಡೆಯ ಕಡೆ ತಿರುಗಿದಳು.

ನಾನು ಹಿತ್ತಲು ಕೆದರಿದೆ. ಆಮೆ ಗಬಕ್ಕನೆ ತಿಂದಿತು. ಓಡಿ ಬಂದು ಹೇಳಿದರೆ ಅಜ್ಜಿ ಕಣ್ಣು ತೆರೆಯದೆ ಜಪಮಣಿ ಎಣಿಸುತ್ತಲೇ ಇದ್ದಳು.

ಕತ್ತಲಾದ ಮೇಲೆ ನಮ್ಮಲ್ಲಿ ಉಣ್ಣುವುದಿಲ್ಲ; ಹೊತ್ತು ಮುಳುಗುವ ಮುಂಚಿನ ಊಟಕ್ಕೂ ಅವಳು ಏಳಲಿಲ್ಲ.

“ನಂದ ತಪ್ಪೇನಜ್ಜಿ?”

“ಇಲ್ಲ ನನ್ನವ್ವಾ. ಅದರ ಉಪಾಸ ಮುಗೀತು. ಇನ್ನ ನಂದು.”