ಹಸುವಿನ ಎರಡನೆಯ ಹೊಟ್ಟೆ

ಮೇಜಿನ ಮೇಲಿನ ಟ್ರೇಯಲ್ಲಿ ಹಸುವಿನ ಹೊಟ್ಟೆ ಇತ್ತು. ಅದರ ಮುಂದೆ ಮುನಿ ನಿಂತಿದ್ದ. ಪಶುವೈದ್ಯ ಕಾಲೇಜಿನಲ್ಲಿ ಅವನಷ್ಟು ಓದಿದವರಿರಲಿಲ್ಲ. ಆದರೂ ವೈವಾದಲ್ಲಿ ಬಾಯಿ ಬಿಡದೆ ಎರಡು ಸಲ ಫೇಲಾಗಿದ್ದ. ಮುನಿ ಎಂಬ ಅಡ್ಡಹೆಸರು ಬಂದದ್ದೂ ಹಾಗೆಯೇ. ಈ ಸಲವೂ ಸುಮ್ಮನಿದ್ದರೆ ಕಾಲೇಜೇ ಬಿಡಬೇಕು.

"ಒಟ್ಟು ನಾಲ್ಕು ಕೋಣೆ. ಒಂದೊಂದಾಗಿ ಹೇಳಪ್ಪ," ಎಂದರು ಹೊರಗಿನಿಂದ ಬಂದಿದ್ದ ಪರೀಕ್ಷಕಿ. ಅವರ ಪಕ್ಕದಲ್ಲಿ ಕಾಲೇಜಿನ ಪರೀಕ್ಷಕರು ಕೂತಿದ್ದರು. ಹಾಸ್ಟೆಲ್ಲಿಗೆ ವಾರ್ಡನ್ ಕೂಡ ಅವರೇ.

ಮುನಿಗೆ ಎಲ್ಲ ಗೊತ್ತಿತ್ತು. ಪುಟದ ಸಂಖ್ಯೆ, ಚಿತ್ರದ ಕೆಳಗಿನ ಸಾಲು ಕೂಡ. ನಾಲಿಗೆ ಮಾತ್ರ ಅಂಗುಳಿಗೆ ಅಂಟಿಕೊಂಡಿತ್ತು. ಗೋಡೆಯ ಫ್ಯಾನು ಅತ್ತ ತಿರುಗಿ ಇತ್ತ ತಿರುಗಿತು.

ಆಗ ನೆನಪಿಗೆ ಬಂದವನು ರೂಮಿನ ಗೆಳೆಯ. ಓದು ಕಡಿಮೆ, ಮಾತು ಜಾಸ್ತಿ. ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಮೈಕು ಎಂದೇ. ಮುನಿ ಅವನಿಗೆ ಪಾಠ ಹೇಳಬೇಕು, ಅವನು ಮುನಿಯ ಬಾಯಿ ಬಿಡಿಸಬೇಕು. ಒಂದು ತಿಂಗಳಿಂದ ನಡೆದ ಒಪ್ಪಂದ ಅದು. ನಿನ್ನೆ ರಾತ್ರಿ ಮೈಕು ಹೇಳಿದ್ದ, "ಪುಸ್ತಕದ ಹೆಸರೆಲ್ಲ ನನ್ನ ತಲೆಗೆ ಹತ್ತಲ್ಲ ಕಣೋ. ಹಸುವಿನ ಹೊಟ್ಟೆ ಅಂದ್ರೆ ನಮ್ಮ ಹಾಸ್ಟೆಲ್ಲು ಅಂದ್ಕೊಂಡು ಹೇಳು. ನಾಳೆ ಅಲ್ಲೂ ಅಷ್ಟೇ, ನನಗೇ ಹೇಳ್ತಿದೀನಿ ಅಂದ್ಕೋ."

"ಒಂದನೇದು ನಮ್ಮ ರೂಮು," ಎಂದುಬಿಟ್ಟ ಮುನಿ.

"ಏನು?" ಪರೀಕ್ಷಕಿ ತಲೆಯೆತ್ತಿದರು.

"ಸಿಕ್ಕಿದ್ದೆಲ್ಲ ಮೊದಲು ಅಲ್ಲಿ ತುರುಕೋದು ಮೇಡಂ. ಪುರುಸೊತ್ತಾದಾಗ ಹೊರಗೆ ತೆಗೆದು ಮೆಲುಕು ಹಾಕೋದು." ಕಟ್ಟೆ ಒಡೆದಿತ್ತು. "ಎರಡನೇದು ವಾರ್ಡನ್. ಮೊಳೆ, ತಂತಿ, ಒಳಗೆ ಬರಬಾರದ್ದೆಲ್ಲ ಅವರ ಹತ್ರ ಸಿಕ್ಕಿಬೀಳುತ್ತೆ. ಒಂದನ್ನೂ ವಾಪಸ್ ಕೊಡಲ್ಲ. ಮೂರನೇದು ಲೈಬ್ರರಿ, ಬರೀ ಹಾಳೆ ಹಾಳೆ. ಒಳಗೆ ಹೋದೋರನ್ನ ಹಿಂಡಿ ನೀರಿಳಿಸಿ ಕಳಿಸುತ್ತೆ. ನಾಲ್ಕನೇದು ಪರೀಕ್ಷೆ ಹಾಲ್. ಆಸಿಡ್ ಇರೋದು ಅಲ್ಲೇ, ನಿಜವಾಗಿ ಅರಗೋದೂ ಅಲ್ಲೇ." ಅದರ ಬೆನ್ನಿಗೇ ಪುಸ್ತಕದ ನಾಲ್ಕು ಹೆಸರುಗಳೂ ತಡವರಿಸದೆ ಬಂದವು.

ಪರೀಕ್ಷಕಿ ಕರವಸ್ತ್ರ ಬಾಯಿಗೊತ್ತಿಕೊಂಡೇ ಅಂಕ ಬರೆದರು. ವಾರ್ಡನ್ ನಗಲಿಲ್ಲ. "ಪಾಸಾದೆ, ಹೋಗು. ನಿನ್ನ ರೂಮಿನವನನ್ನ ಕಳಿಸು."

ಬಾಗಿಲಲ್ಲಿ ಮೈಕು ತೋಳು ಮಡಚಿ ನಿಂತಿದ್ದ. ಒಳಗೆ ಯಾರಿದ್ದಾರೆಂದು ಎಚ್ಚರಿಸಲು ಮುನಿ ಬಾಯಿ ತೆರೆದ. ಮಾತು ಬರಲಿಲ್ಲ. ಮೈಕು ಅವನ ಬೆನ್ನು ತಟ್ಟಿ ಒಳಗೆ ನಡೆದ.

"ಬಾರಪ್ಪ," ವಾರ್ಡನ್ ಕನ್ನಡಕ ತೆಗೆದರು. "ಈ ಎರಡನೇ ಕೋಣೆಗೆ ನನ್ನನ್ನ ಹೋಲಿಸಿದ್ದು ಯಾರು?"

ಮೈಕು ಬಾಯಿ ತೆರೆದ. ಮುಚ್ಚಿದ. ಟ್ರೇ ನೋಡಿದ. ಫ್ಯಾನು ಅತ್ತ ತಿರುಗಿ ಇತ್ತ ತಿರುಗಿತು.

ಪರೀಕ್ಷಕಿ ಪೆನ್ನಿನ ಮುಚ್ಚಳ ತೆಗೆಯುತ್ತ ವಾರ್ಡನ್ ಕಡೆ ಬಾಗಿದರು.

"ಇಬ್ಬರೂ ಒಟ್ಟಿಗೇ ಓದಿದ್ದಾರೆ ಅಂತ ಕಾಣುತ್ತೆ."