ಅಪ್ಪ ಒಲ್ಲೆ ಅಂದ

ಸುವರ್ಣಾ ಟೀಚರ್ ಇಳಿಸಿದ ವಿಮಾನ ಹುಬ್ಬಳ್ಳಿಯ ರನ್‌ವೇಯನ್ನು ಪೂರ್ತಿ ದಾಟಿ, ಪಕ್ಕದ ಹೊಲಕ್ಕೆ ನುಗ್ಗಿ, ಮೂಗು ಮಣ್ಣಿಗೆ ಊರಿ ನಿಂತಿತು. ಮುದ್ದೇಬಿಹಾಳದಿಂದ ಆಗಷ್ಟೇ ಬಂದಿಳಿದಿದ್ದ ಅಣ್ಣ ಧರ್ಮರಾಜ, ಕೈಯಲ್ಲಿ ಬ್ಯಾಗು ಹಿಡಿದುಕೊಂಡೇ ಕೋಣೆಯ ಬಾಗಿಲಲ್ಲಿ ನಿಂತು ಕಂಪ್ಯೂಟರ್ ಪರದೆಯನ್ನು ನೋಡಿದ.

“ಎಷ್ಟ ಮಂದಿ ಇದ್ರು ಒಳಗ?”

“ನೂರಾ ಎಂಬತ್ತು. ಯಾರಿಗೂ ಏನೂ ಆಗಿಲ್ಲ ಬಿಡಣ್ಣಾ. ಈ ಗುಂಡಿ ಒತ್ತಿದ್ರ ಎಲ್ಲಾರೂ ಎದ್ದು ಮತ್ತ ಸೀಟಿನ್ಯಾಗ ಕುಂದರ್ತಾರ.”

ಅವಳಿಗೆ ಅರವತ್ತನಾಲ್ಕು. ಸಿಂದಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದ ಮೇಲೆ ಒಂದು ಜಾಯ್‌ಸ್ಟಿಕ್ ತರಿಸಿಕೊಂಡು, ನಾಲ್ಕು ವರ್ಷಗಳಿಂದ ಈ ಕೋಣೆಯಲ್ಲೇ ವಿಮಾನ ಹಾರಿಸುತ್ತಿದ್ದಳು. ನಿಜವಾದ ವಿಮಾನವನ್ನು ಇವತ್ತಿನವರೆಗೆ ಏರಿರಲಿಲ್ಲ.

“ನೀ ಎರಡ ತಾಸು ಬಸ್ಸಿನ್ಯಾಗ ಬಂದಿ. ನಾ ನಿನ್ನಿ ಹತ್ತ ನಿಮಿಷದಾಗ ಮುದ್ದೇಬಿಹಾಳ ಮುಟ್ಟಿದ್ದೆ. ತಾಳಿಕೋಟಿ ಸ್ಟ್ಯಾಂಡಿನ್ಯಾಗ ಡ್ರೈವರ್ ಚಾ ಕುಡಿಯೂತನಕ ಕಾಯೂ ಗೊಡವಿ ಇಲ್ಲ. ನಿನ್ನ ಮನಿ ಹುಡುಕಿ ಸುತ್ತ ಹಾಕಿದೆ. ಮನೀನ ಇಲ್ಲ, ಬರೇ ಹಸರ.”

“ನಮ್ಮ ಓಣ್ಯಾಗ ಹಸರ ಎಲ್ಲೈತಿ ತೋರಿಸು ನೋಡೂಣು!” ಧರ್ಮರಾಜ ನಗುತ್ತ ಕುರ್ಚಿ ಎಳೆದುಕೊಂಡ. ಆಮೇಲೆ ಅಂಗಿಯ ಕಿಸೆಯಿಂದ ಮಡಿಸಿದ ಹಾಳೆಯೊಂದನ್ನು ತೆಗೆದ. ಮರುದಿನ ಮುದ್ದೇಬಿಹಾಳದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಷಿಕೋತ್ಸವ. ಅವನೇ ಮುಖ್ಯ ಅತಿಥಿ. ತಂಗಿಯನ್ನೂ ವೇದಿಕೆಗೆ ಕರೆದೊಯ್ಯಲೆಂದೇ ಬಂದಿದ್ದ.

“ಭಾಷಣ ಬರದೇನಿ, ಕೇಳು. ‘ನಲವತ್ತೈದು ವರ್ಷದ ಹಿಂದೆ ನನ್ನ ತಂಗಿ ವಿಮಾನ ಹಾರಿಸುವ ತರಬೇತಿಗೆ ಆಯ್ಕೆಯಾಗಿದ್ದಳು. ಇಡೀ ಕಾಲೇಜಿಗೆ ಅವಳೊಬ್ಬಳೇ. ನಮ್ಮ ತಂದೆ ಕಳಿಸಲಿಲ್ಲ. ಆ ತಪ್ಪನ್ನು ನೀವು ಮಾಡಬೇಡಿ.’ ಹುಡಿಗ್ಯಾರ ತಂದಿ ತಾಯಿನೂ ಬರ್ತಾರ. ಅವರಿಗೆ ನಾಟಬೇಕು ನೋಡು.”

ಸುವರ್ಣಾ ಜಾಯ್‌ಸ್ಟಿಕ್ಕಿನಿಂದ ಕೈ ತೆಗೆದಳು.

“ಅದನ್ನ ಓದಬ್ಯಾಡಣ್ಣಾ.”

“ಯಾಕ? ಅಪ್ಪ ಸತ್ತು ಹನ್ನೆರಡ ವರ್ಷ ಆತು. ಇನ್ನೂ ಆಂವನ ಮರ್ಯಾದಿ ಕಾಯಾಕತ್ತೀಯೇನು?”

“ಅಪ್ಪ ಒಪ್ಪಿಗಿ ಕಾಗದಕ್ಕ ಸಹಿ ಮಾಡಿದ್ದ.”

ಧರ್ಮರಾಜ ಕನ್ನಡಕದ ಮೇಲಿಂದ ಅವಳನ್ನು ನೋಡಿದ.

ಅವಳು ಎಲ್ಲ ಹೇಳಿದಳು. ರಸ್ತೆ ಗ್ಯಾಂಗಿನಲ್ಲಿ ಡಾಂಬರು ಹಾಕುತ್ತಿದ್ದ ಅಪ್ಪ ಶಂಕ್ರೆಪ್ಪ ಅವತ್ತು ಕೆಲಸ ಬಿಟ್ಟು, ಒಗೆದ ಧೋತರ ಉಟ್ಟು, ಬಿಜಾಪುರದ ಬಸ್ ಸ್ಟ್ಯಾಂಡಿಗೆ ಅವಳ ಟ್ರಂಕು ಹೊತ್ತು ತಂದಿದ್ದ. ಬೆಂಗಳೂರಿನವರೆಗೆ ತಾನೇ ಹೋಗಿ ಬಿಟ್ಟುಬರುವವನಿದ್ದ. ಕಿಟಕಿ ಪಕ್ಕದ ಸೀಟಿಗೆ ಟವೆಲ್ಲು ಹಾಕಿ ಅವಳನ್ನು ಕೂಡಿಸಿದ್ದ. ಕಂಡಕ್ಟರ್ ಸೀಟಿ ಊದಿದ. ವಿಮಾನ ಕೆಳಗೆ ಬೀಳುವುದೊಂದೇ ಅವಳ ಕಣ್ಣ ಮುಂದೆ ಬರತೊಡಗಿತು. ಅಪ್ಪನ ತೋಳು ಹಿಡಿದು, ನಾ ಒಲ್ಲೆ ಎಂದು ಸಣ್ಣ ಹುಡುಗಿಯಂತೆ ಅತ್ತುಬಿಟ್ಟಳು. ಅಪ್ಪ ಬೈಯಲಿಲ್ಲ. ಬಸ್ಸು ನಿಲ್ಲಿಸಿ ಟ್ರಂಕು ಇಳಿಸಿದ.

“ಕಾಲೇಜಿನ್ಯಾಗ ಎಲ್ಲಾರೂ ನಗತಾರ ಅಂದೆ. ಅದಕ್ಕ ಅಪ್ಪ, ‘ನಮ್ಮಪ್ಪ ಒಲ್ಲೆ ಅಂದ ಅಂತ ಹೇಳು. ಗ್ಯಾಂಗಿನ್ಯಾವಗ ಏನ್ ತಿಳೀತೈತಿ ಅಂದು ಸುಮ್ಮನಾಗ್ತಾರ’ ಅಂದ. ನಾ ಹಂಗ ಹೇಳಿದೆ. ನೀ ಧಾರವಾಡದಿಂದ ಸೂಟಿಗೆ ಬಂದಾಗ ನಿನಗೂ ಹಂಗ ಹೇಳಿದೆ.”

ಆ ರಜೆ ಧರ್ಮರಾಜನಿಗೆ ಚೆನ್ನಾಗಿ ನೆನಪಿತ್ತು. ಅಂಗಳದಲ್ಲಿ ನಿಂತು, ಓಣಿಯವರೆಲ್ಲ ಕೇಳುವಂತೆ ಅಪ್ಪನಿಗೆ ಬೈದಿದ್ದ. ನಿನ್ನಂಥವರಿಂದಲೇ ನಮ್ಮ ಮಂದಿ ಮುಂದೆ ಬರಲಿಲ್ಲ ಎಂದಿದ್ದ. ಆಮೇಲೆ ಮೂರು ವರ್ಷ ಅಪ್ಪನ ಕೂಡ ಮಾತು ಬಿಟ್ಟಿದ್ದ. ತನ್ನ ಮದುವೆಯ ದಿನವೂ ಅವನ ಕಾಲು ಮುಟ್ಟಿರಲಿಲ್ಲ.

“ನಾ ಅಪ್ಪಗ ಒದರಾಡೂವಾಗ ನೀ ಮನಿಯಾಗ ಇದ್ದಿ.”

“ಒಲಿ ಮುಂದ ಕುಂತಿದ್ದೆ. ಹಂಚಿನ ಮ್ಯಾಲಿನ ರೊಟ್ಟಿ ಸುಟ್ಟು ಕರಿ ಆತು, ಎದ್ದು ಬರಾಕ ಆಗಲಿಲ್ಲ. ಇವತ್ತ ಹೇಳೂಣು, ನಾಳಿ ಹೇಳೂಣು ಅಂತ ದಿನಾ ಹೋದ್ವು. ಆಮ್ಯಾಲ ನೀವಿಬ್ರೂ ಮಾತಾಡಾಕತ್ರಿ. ಇನ್ನ ಯಾಕ ಕೆದಕೂದು ಅಂತ ಬಿಟ್ಟೆ.” ಅವಳು ಕಂಪ್ಯೂಟರ್ ಪರದೆ ಆರಿಸಿದಳು. “ವಿಮಾನ ಹತ್ತಲಿಲ್ಲ ಅಂತ ನನಗ ಈಗ ಏನೂ ಅನಸೂದಿಲ್ಲಣ್ಣಾ. ಅಪ್ಪ ಇದ್ದಾಗ ನಿನ್ನ ಮುಂದ ಒಂದ ಮಾತ ಹೇಳಬೇಕಾಗಿತ್ತು. ಅದೊಂದ ಬಾಯಿಗೆ ಬರಲಿಲ್ಲ.”

ಧರ್ಮರಾಜ ಹಾಳೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಬೈಯುತ್ತಾನೆಂದು ಅವಳು ಕಾದಳು. ಅವನು ಬೈಯಲಿಲ್ಲ. ತಗ್ಗಿದ ದನಿಯಲ್ಲಿ ಮಾತಾಡಿದ.

“ನಿನಗೊಂದು ಗೊತ್ತಿಲ್ಲ. ಕಡೀ ವಾರ ದವಾಖಾನ್ಯಾಗ ಅಪ್ಪನ ಬಾಜೂಕ ನಾ ಒಬ್ಬನ ಕುಂತಿದ್ದೆ. ನನ್ನ ಕೈ ಹಿಡಕೊಂಡು, ‘ತಂಗೀನ ಅವತ್ತ ಕಳಿಸಬೇಕಾಗಿತ್ತು, ನಂದ ತಪ್ಪಾತು. ಮನಸಿನ್ಯಾಗ ಇಟ್ಕೋಬ್ಯಾಡಪಾ’ ಅಂದ.”

ಸುವರ್ಣಾ ಬಾಯಿಗೆ ಸೆರಗು ಒತ್ತಿ ಹಿಡಿದಳು.

“ನೀ ಏನಂದಿ?”

ಧರ್ಮರಾಜ ತಲೆ ಎತ್ತಲಿಲ್ಲ.

“‘ಆತು ಬಿಡಪಾ, ಮಾಫ್ ಮಾಡೇನಿ’ ಅಂದೆ.”